ಚೆಂಗ್ಡುವಿನ ಅಜ್ಜಿಗೆ ಹೇಳಿದ ಸುಳ್ಳು

ದೇವಸ್ಥಾನದ ಅಂಗಳದಲ್ಲಿ ಆ ಚೀನೀ ಅಜ್ಜಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಭಾರತದವನೆಂದು ಗೈಡ್ ಹೇಳಿದ್ದೇ ತಡ, ಬುದ್ಧಗಯೆಗೆ ಹೋಗಿದ್ದೀರಾ ಎಂದು ಆಕೆ ಕೇಳಿದ್ದರು. ನಾನು ಹೂಂ ಅಂದುಬಿಟ್ಟಿದ್ದೆ.

ಅಸಲಿಗೆ ಪರ್ತ್‌ನಿಂದ ನಾವು ಚೆಂಗ್ಡುವಿಗೆ ಬಂದಿದ್ದು ಪಾಂಡಾ ನೋಡಲು. ಪಾಂಡಾ ನಾವಿರುವ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲೂ ಇದೆ. ಆದರೆ ಅಡಿಲೇಡ್‌ಗೆ ಹೋಗಿಬಂದೆ ಅಂದರೆ ಪರ್ತ್‌ನಲ್ಲಿ ಯಾರೂ ಫೋಟೋ ತೋರಿಸಿ ಅನ್ನುವುದಿಲ್ಲ. ಬೆಳಿಗ್ಗೆ ಒಂದು ಗಂಟೆ ಕ್ಯೂ ನಿಂತು ಪಾಂಡಾದ ಬೆನ್ನು ನೋಡಿದ್ದೆವು. ದೇವಸ್ಥಾನ ಪ್ಯಾಕೇಜ್‌ನಲ್ಲಿ ಸೇರಿತ್ತು, ಅದಕ್ಕೇ ಬಂದಿದ್ದೆವು.

"ಬೋಧಿವೃಕ್ಷದ ನೆರಳು ತಂಪಾಗಿದೆಯಾ ಅಂತ ಕೇಳ್ತಿದ್ದಾರೆ," ಎಂದು ಗೈಡ್ ಇಂಗ್ಲಿಷ್‌ನಲ್ಲಿ ತಿಳಿಸಿದ.

"ತುಂಬಾ ತಂಪು," ಅಂದೆ. ಅಜ್ಜಿಯ ಕಣ್ಣು ತುಂಬಿತು.

ಪಕ್ಕದಲ್ಲಿದ್ದ ಎಂಟು ವರ್ಷದ ಮಗಳು, "ಅಪ್ಪಾ, ವೆನ್ ಡಿಡ್ ವಿ ಗೋ ದೇರ್?" ಎಂದಳು. ಗೈಡ್ ಒಮ್ಮೆ ನನ್ನ ಮುಖ ನೋಡಿದ. ಆ ಮಾತನ್ನು ಮಾತ್ರ ಅಜ್ಜಿಗೆ ಅನುವಾದಿಸಲಿಲ್ಲ.

ಪರ್ತ್‌ಗೆ ಮರಳಿದ ಮೇಲೆ ಗೆಳೆಯರೆಲ್ಲ ಪ್ರವಾಸದ ಕಥೆ ಕೇಳಿದರು. ಇದೊಂದನ್ನು ಯಾರಿಗೂ ಹೇಳಲಿಲ್ಲ. ನಾಚಿಕೆಯಾಗಿ, ಮುಂದಿನ ರಜೆಗೆ ಬುದ್ಧಗಯೆಗೇ ಹೋಗುವುದೆಂದು ನಿಶ್ಚಯಿಸಿದೆ. ಆ ರಜೆಯಲ್ಲಿ ನ್ಯೂಜಿಲೆಂಡ್ ನೋಡಿ ಬಂದೆವು.