ಒಂದೇ ಬಾವುಟ ಎತ್ತಿದವನು

ನಾರಿಂಬಾ ಊರಿಗೆಲ್ಲ ಇದ್ದದ್ದು ಒಂದೇ ಕ್ಷೌರದಂಗಡಿ, ಕ್ಲೆಮ್ ಪೆಂಗಿಲಿಯದು. ಆದರೂ ಊರಿನ ಗಂಡಸರು ಬಹಳ ವರ್ಷ ಕೂದಲು ಕತ್ತರಿಸಿಕೊಳ್ಳಲು ಕುರಾಂಗ್‌ವರೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕುರಾಂಗ್‌ನ ಕ್ಷೌರಿಕನ ಕೈ ಎಂಥದ್ದೆಂದರೆ, ಹೋಗಿ ಬಂದವರನ್ನು ಅವರವರ ಹೆಂಡಿರೇ ಗುರುತು ಹಿಡಿಯಲು ಒದ್ದಾಡುತ್ತಿದ್ದರು. ಫುಟ್‌ಬಾಲಿನಲ್ಲಿ ನಮ್ಮನ್ನು ಮಣ್ಣು ಮುಕ್ಕಿಸಿದ ಊರಿಗೇ ಹೋಗಿ ತಲೆ ಕೊಟ್ಟರು, ಕ್ಲೆಮ್‌ನ ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ಹಟ ಅಂದರೆ ಹಟ.

ನಮ್ಮ ಕಡೆಯ ಫುಟ್‌ಬಾಲು ಕೈಯಲ್ಲಿ ಹಿಡಿದೂ ಕಾಲಲ್ಲಿ ಒದ್ದೂ ಆಡುವಂಥದ್ದು; ಗೋಲು ಹೌದೋ ಅಲ್ಲವೋ ಎಂದು ತೀರ್ಪು ಕೊಡುವ ಗೋಲ್ ಅಂಪೈರನ್ನು ಲೀಗಿನಲ್ಲಿ ಆಯಾ ಕ್ಲಬ್ಬೇ ಕೊಡಬೇಕಿತ್ತು, ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಒಬ್ಬ. ಕ್ಲೆಮ್‌ಗೆ ಓಡಲು ಬಾರದು, ಚೆಂಡು ಹಿಡಿಯಲು ಬಾರದು. ಅಂಪೈರು ಹಾಕಬೇಕಾದ ಬಿಳಿ ಕೋಟು ಹೇಗೂ ಅಂಗಡಿಯಲ್ಲೇ ಇತ್ತು. ಆದ್ದರಿಂದ ಅವನನ್ನೇ ಹಿಡಿದು ಕಂಬಗಳ ನಡುವೆ ನಿಲ್ಲಿಸಿದರು. ಶನಿವಾರ ಬಂತೆಂದರೆ ಎರಡು ಬಾವುಟ ಹಿಡಿದು ಅಲ್ಲಿ ನಿಂತಿರುತ್ತಿದ್ದ, ಆಟವೆಲ್ಲ ಇನ್ನೊಂದು ತುದಿಯಲ್ಲಿ ನಡೆಯುತ್ತಿದ್ದರೂ. ಚೆಂಡು ಎತ್ತರದ ಎರಡು ಕಂಬಗಳ ನಡುವೆ ಏನನ್ನೂ ಮುಟ್ಟದೆ ಹೋದರೆ ಗೋಲು, ಆರು ಪಾಯಿಂಟು, ಎರಡು ಬಾವುಟ. ಹೋಗುವಾಗ ಕಂಬವನ್ನು ಸವರಿತೋ, ಒಂದೇ ಪಾಯಿಂಟು, ಒಂದೇ ಬಾವುಟ.

ನಾರಿಂಬಾ ತನ್ನ ಜನ್ಮದಲ್ಲಿ ಗ್ರ್ಯಾಂಡ್ ಫೈನಲ್ ಕಂಡದ್ದು ಒಂದೇ ಸಲ, ಕುರಾಂಗ್ ವಿರುದ್ಧ. ಅವತ್ತು ಊರಲ್ಲಿ ಬೀಗ ಹಾಕದ ಅಂಗಡಿಯಿರಲಿಲ್ಲ. ಪಾದ್ರಿಯವರೂ ಒಂದು ಮದುವೆಯನ್ನು ಮುಂದಕ್ಕೆ ಹಾಕಿದ್ದರು. ಕೊನೆಯ ಗಳಿಗೆಯಲ್ಲಿ ನಾವು ಮೂರು ಪಾಯಿಂಟು ಹಿಂದೆ. ಆಗ ಚೆಂಡು ಸಿಕ್ಕಿದ್ದು ರೆಕ್ಸ್ ಹ್ಯಾಲೊರನ್‌ಗೆ. ಕ್ಲೆಮ್‌ನ ಹೆಂಡತಿ ಎನಿಡ್‌ಳ ಅಣ್ಣ ಅವನು, ಮೈತುಂಬ ಕೆಸರು, ಮುಂದಿನ ಎರಡು ಹಲ್ಲು ಆಗಲೇ ಹೋಗಿದ್ದವು. ತಿರುಗಿದವನೇ ಒದ್ದ. ಚೆಂಡು ಕಂಬಗಳ ನಡುವೆಯೇ ಹೋಯಿತು. ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಒತ್ತಿದವು.

ಹೋಗುವಾಗ ಅದು ಬಲಗಡೆಯ ಕಂಬವನ್ನು ತಟ್ಟಿತು. ಆ ಸದ್ದು ಕೇಳುವಷ್ಟು ಹತ್ತಿರ ಇದ್ದವನು ಕ್ಲೆಮ್ ಒಬ್ಬನೇ. ಅವನು ಒಂದೇ ಬಾವುಟ ಎತ್ತಿದ. ಅಷ್ಟರಲ್ಲಿ ಆಟ ಮುಗಿಯಿತೆಂದು ಸೈರನ್ ಕೂಗಿತು, ನಾರಿಂಬಾ ಎರಡು ಪಾಯಿಂಟಿಗೆ ಸೋತಿತು.

ಯಾರೂ ಅವನ ಮೈಮೇಲೆ ಬೀಳಲಿಲ್ಲ, ನಮ್ಮವರು ಅಂಥವರಲ್ಲ. ಮಾತು ಬಿಟ್ಟರು, ಅಷ್ಟೇ. ಪಬ್ಬಿನಲ್ಲಿ ಅವನು ಬಂದು ನಿಂತರೆ ಪಕ್ಕದವನಿಗೆ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. ರೆಕ್ಸ್ ಒಮ್ಮೆ ತಂಗಿಗೆ ಹೇಳಿದ, "ಗಂಡ ಬೇಕೋ ಅಣ್ಣ ಬೇಕೋ, ಯೋಚ್ನೆ ಮಾಡು." ಎನಿಡ್ ಯೋಚನೆ ಮಾಡಲೇ ಇಲ್ಲ. "ಕ್ಲೆಮ್ ತಟ್ಟಿತು ಅಂದ್ರೆ ತಟ್ಟಿತು" ಎಂದು ಚೀಲ ಎತ್ತಿಕೊಂಡು ಹೊರಟು ಬಂದಳು. ಆಮೇಲೆ ಅಣ್ಣನ ಮನೆ ಹೊಸ್ತಿಲು ತುಳಿಯಲಿಲ್ಲ. ಇಡೀ ಊರಲ್ಲಿ ಕ್ಲೆಮ್‌ನ ಮಾತಿಗೆ ಬೆಲೆ ಇದ್ದದ್ದು ಅವಳೊಬ್ಬಳ ಹತ್ತಿರ. ಅಷ್ಟು ಸಾಕೆಂದುಕೊಂಡೇ ಅವನು ಬದುಕಿದ. ಮಧ್ಯಾಹ್ನಗಳಲ್ಲಿ ಖಾಲಿ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡುತ್ತಿದ್ದ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರಿದ್ದಾರೆ. ಅವನಿಗೆ ಆಗಲಿಲ್ಲ.

ಮತ್ತೆಂದೂ ಫೈನಲ್ ಬರಲಿಲ್ಲ. ರೈಲು ನಿಂತಿತು, ಹುಡುಗರು ಕಡಿಮೆಯಾದರು, ಕೊನೆಗೆ ನಮ್ಮ ಕ್ಲಬ್ಬನ್ನು ಕುರಾಂಗ್ ಕ್ಲಬ್ಬಿನ ಜೊತೆಗೇ ಸೇರಿಸಿದರು. ಆ ಸೋಲನ್ನು ತೊಳೆದುಕೊಳ್ಳುವ ದಾರಿಯೇ ಮುಚ್ಚಿಹೋಯಿತು. ತಲೆಗಳು ಬೆಳ್ಳಗಾದ ಮೇಲೆ ಹಳೆಯ ತಂಡದವರಿಗೆ ಒಂದು ಊಟ ಇಟ್ಟುಕೊಂಡರು. ಆಗಿನ ಕ್ಯಾಪ್ಟನ್ ನೋಯೆಲ್ ತಾನಾಗಿಯೇ ಕ್ಲೆಮ್‌ನ ಮನೆಗೆ ಬಂದು ಕರೆದ. ಕ್ಲೆಮ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಎನಿಡ್ ಲ್ಯಾಮಿಂಗ್ಟನ್ ಕೇಕು ಮಾಡಿಕೊಂಡು ಜೊತೆಗೆ ಬಂದಳು.

"ಬಾರಪ್ಪ ಕ್ಲೆಮ್" ಎಂದ ನೋಯೆಲ್. "ಆ ಎರಡನೇ ಬಾವುಟ ಇನ್ನೂ ಜೇಬಲ್ಲೇ ಇಟ್ಕೊಂಡಿದೀಯೋ ಹ್ಯಾಗೆ? ಇವತ್ತಾದ್ರೂ ಎತ್ತಿಬಿಡು ಮಾರಾಯ."

ಎಲ್ಲರೂ ನಕ್ಕರು. ರೆಕ್ಸ್ ನಗಲಿಲ್ಲ. ಗಾಲಿಕುರ್ಚಿಯಲ್ಲಿದ್ದ, ಮೂಗಿಗೆ ಆಮ್ಲಜನಕದ ನಳಿಗೆ. ಹತ್ತಿರ ಬಾ ಎಂದು ಕೈಯಾಡಿಸಿ ಕ್ಲೆಮ್‌ನ ಮಣಿಕಟ್ಟು ಹಿಡಿದುಕೊಂಡ.

"ನಂಗೆ ಇನ್ನು ಜಾಸ್ತಿ ದಿನ ಇಲ್ಲ ಕಣೋ. ನಿನ್ ಮೇಲೆ ಸಿಟ್ಟಿಲ್ಲ. ಊರಿಗೆ ಸಿಕ್ಕಿದ್ದ ಒಂದೇ ಒಂದು ಕಪ್ಪನ್ನ ನಾನೇ ಕಳೆದ್ನಾ ಅಂತ ನಿದ್ದೆ ಬರಲ್ಲ. ಅದು ಗೋಲೇ ಅಲ್ವೇನೋ?"

ಕ್ಲೆಮ್ ಆ ಬೂದು ಮುಖವನ್ನು ನೋಡಿದ.

"ಗೋಲೇ ರೆಕ್ಸ್. ನಾನೇ ತಪ್ಪು ಮಾಡಿದ್ದು."

ಮುದುಕ ಮಕ್ಕಳ ಹಾಗೆ ಅತ್ತ. ನೋಯೆಲ್ ಬಂದು ಕ್ಲೆಮ್‌ನ ಬೆನ್ನು ತಟ್ಟಿ, "ಹೋಗ್ಲಿ ಬಿಡೋ, ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ" ಎಂದು ಕೈಗೊಂದು ಬಿಯರ್ ಲೋಟ ಕೊಟ್ಟ. ಸರಿಯಾಗಿ ನಡೆದುಕೊಂಡದ್ದಕ್ಕೆ ಅರ್ಧ ಆಯುಷ್ಯ ಮುಖ ತಿರುಗಿಸಿದ ಊರು, ತಪ್ಪು ಮಾಡಿದೆ ಎಂದದ್ದೇ ತಡ, ಕ್ಷಮಿಸಿಬಿಟ್ಟಿತು. ಊರುಗಳೇ ಹಾಗೆ, ಏನು ಹೇಳುವುದು. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ಎನಿಡ್ ಮಾತ್ರ ಕೇಕಿನ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು.

ಊಟ ಮುಗಿದ ಮೇಲೆ ಮೊಮ್ಮಗಳು ರೆಕ್ಸ್‌ನನ್ನು ಮನೆಗೆ ಕರೆದೊಯ್ದಳು. ಇವರಿಬ್ಬರೂ ಕಾರು ಹತ್ತಿದರು. ಕಾರು ಗೋಧಿ ಕಣಜ ದಾಟಿತು.

"ನಿನ್ ಮಾತು ನಂಬ್ಕೊಂಡು ಒಡಹುಟ್ಟಿದವನ್ನ ಬಿಟ್ಟೆ" ಎಂದಳು ಎನಿಡ್. "ಅತ್ತಿಗೆ ಸತ್ತಾಗ್ಲೂ ಚರ್ಚಲ್ಲಿ ಹಿಂದಿನ ಸಾಲಲ್ಲಿ ಕೂತು ಎದ್ದು ಬಂದೆ."

"ತಟ್ಟಿತ್ತು ಎನಿಡ್. ನಿಜವಾಗ್ಲೂ ತಟ್ಟಿತ್ತು. ಇವತ್ತು ಹೇಳಿದ್ದೇ ಸುಳ್ಳು. ಸಾಯೋ ಮನುಷ್ಯ, ನಿನ್ನ ಅಣ್ಣ ಬೇರೆ, ಇನ್ನೇನು ಹೇಳ್ಲಿ?"

"ಇರಬಹುದು. ಆದ್ರೆ ಅಷ್ಟು ಜನರ ಮುಂದೆ ಇಷ್ಟು ಸಲೀಸಾಗಿ ಸುಳ್ಳು ಹೇಳೋಕೆ ನಿಂಗೆ ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಆವತ್ತಿಂದು ನಿಜ, ಇವತ್ತಿಂದು ಸುಳ್ಳು ಅಂತ ನಾನು ಹ್ಯಾಗೆ ಹೇಳ್ಲಿ ಇನ್ನು?"

ಸಾಕ್ಷಿಗೆ ಇದ್ದದ್ದು ಅವನ ಮಾತೊಂದೇ, ಅದನ್ನು ಮಧ್ಯಾಹ್ನವೇ ಖರ್ಚು ಮಾಡಿಬಿಟ್ಟಿದ್ದ.

"ಇಲ್ಲೇ ನಿಲ್ಸು. ಅಣ್ಣನ ಮನೇಲಿ ಇಳೀತೀನಿ."

ಅವನು ನಿಲ್ಲಿಸಿದ. ಎನಿಡ್ ಇಳಿದು, ಗೇಟಿನ ಚಿಲಕ ಯಾವ ಕಡೆ ತೆಗೆಯಬೇಕೆಂದು ತಿಳಿಯದೆ ಸ್ವಲ್ಪ ತಡಕಾಡಿ, ಒಳಗೆ ಹೋದಳು. ಒಳಗಿನಿಂದ ರೆಕ್ಸ್ ಅವಳ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಬಾಗಿಲು ಮುಚ್ಚಿತು. ಅವಳು ಒಮ್ಮೆ ಹೊರಗೆ ಇಣುಕಿಯಾಳೆಂದು ಕ್ಲೆಮ್ ಮನೆಯ ಕಿಟಕಿಯ ಕಡೆ ಕಣ್ಣಿಟ್ಟು ಕಾದ, ಆಮೇಲೆ ಒಬ್ಬನೇ ಮನೆಗೆ ಹೋದ.