ಮಳೆಗಾಲಕ್ಕೆ ಇಟ್ಟ ಪೆಟ್ರೋಲ್

ನಮ್ಮ ಆಲೆಟ್ಟಿಯ ಕಮಲಕ್ಕನಿಗೆ ಹೆದರಿಕೆ ಹುಟ್ಟುಗುಣ. ಸುಡುಬಿಸಿಲಿದ್ದರೂ ಮಳೆ ಬಂದರೆ ಎಂದು ಕೊಡೆ ಹಿಡಿದೇ ಹೊರಡುವವರು. ಗಂಡ ಅಚ್ಚುತಣ್ಣನ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಪುತ್ತೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು ಎಂದಾದ ಮೇಲಂತೂ ಆ ಹೆದರಿಕೆಗೆ ಸರಿಯಾದ ಕಾರಣವೇ ಸಿಕ್ಕಿತು. ಒಂದು ಸರದಿ ತಪ್ಪಿದರೆ ಅಚ್ಚುತಣ್ಣನಿಗೆ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಹಾಗಾಗಿ ಕಮಲಕ್ಕ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು.

ಕಾರು ಆರಿಸಿದ್ದೂ ಹೆದರಿಕೆಯಿಂದಲೇ. ಪುತ್ತೂರಿನ ಡಾಕ್ಟರೊಬ್ಬರು ಮಾರಲಿಟ್ಟ ಹಳೆಯ ಪ್ಲಗ್-ಇನ್ ಹೈಬ್ರಿಡ್ ಅದು. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಬಹುದು, ಚಾರ್ಜ್ ಮುಗಿದರೆ ಪೆಟ್ರೋಲ್ ಎಂಜಿನ್ ಉಂಟು. ಒಂದು ಹೋದರೆ ಇನ್ನೊಂದು ಎಂಬ ಮಾತಿಗೇ ಕಮಲಕ್ಕ ಸೋತರು. ಆದರೂ ಜಾಲ್ಸೂರಿನಲ್ಲಿ ಗ್ಯಾರೇಜ್ ಇಟ್ಟಿರುವ ಅಲಿ ಕುಂಞಿಯನ್ನು ಕರೆದುಕೊಂಡು ಹೋಗಿ ತೋರಿಸಿದರು. ಅವರು ಬ್ಯಾಟರಿ ಪರೀಕ್ಷಿಸುತ್ತಿದ್ದರೆ ಇವರು ಮ್ಯಾಟ್ ಎತ್ತಿ ಮೂಸಿದರು, ಚಾರ್ಜಿಂಗ್ ಕೇಬಲ್ಲಿಗೆ ಇಲಿ ಹಲ್ಲು ಹಾಕಿದೆಯೋ ಎಂದು ಉದ್ದಕ್ಕೂ ಬೆರಳಾಡಿಸಿದರು. ಮಗಳಿಗೆ ಗಂಡು ನೋಡುವಾಗಲೂ ಇವಳು ಇಷ್ಟು ವಿಚಾರಿಸಿರಲಿಲ್ಲ ಎಂದು ಅಚ್ಚುತಣ್ಣ ಗೇಲಿ ಮಾಡಿದರು.

ಕಾರು ಚೆನ್ನಾಗಿಯೇ ಓಡಿತು. ಚಾರ್ಜಿನಲ್ಲೇ ಪುತ್ತೂರು ಮುಟ್ಟುತ್ತಿತ್ತು. ಗಂಡ ಮೆಷಿನಿನ ಪಕ್ಕ ಮಲಗಿದ್ದಾಗ ಆಸ್ಪತ್ರೆಯವರು ತೋರಿಸಿದ ಪ್ಲಗ್ಗಿನಲ್ಲಿ ಕಾರೂ ಚಾರ್ಜ್ ಆಗುತ್ತಿತ್ತು. ದೀಪಾವಳಿಗೆ ಮೊದಲು ತುಂಬಿಸಿದ ಪೆಟ್ರೋಲ್ ಹಾಗೆಯೇ ಉಳಿಯಿತು. ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಒಣ ಸೌದೆ ಎಲ್ಲವನ್ನೂ 'ಮಳೆಗಾಲಕ್ಕೆ ಇರಲಿ' ಎಂದು ಎತ್ತಿಡುವುದು ನಮ್ಮ ಕಡೆಯ ರೂಢಿ. ಕಮಲಕ್ಕ ಪೆಟ್ರೋಲನ್ನೂ ಆ ಸಾಲಿಗೆ ಸೇರಿಸಿದರು. ಎಂಜಿನ್ ತುಂಬ ದಿನದಿಂದ ಓಡಿಲ್ಲ, ಸ್ವಲ್ಪ ಹೊತ್ತು ಓಡಿಸಲೇ ಎಂದು ಕಾರಿನ ಪರದೆ ಆಗಾಗ ಕೇಳುತ್ತಿತ್ತು. ಇದಕ್ಕೆ ಸುಮ್ಮನೆ ಪೆಟ್ರೋಲ್ ಕುಡಿಯುವ ಚಟ ಎಂದು ಬೈದು, ಕಮಲಕ್ಕ ಪ್ರತಿ ಸಲವೂ 'ಬೇಡ' ಒತ್ತುತ್ತಿದ್ದರು.

ಮಳೆಗಾಲದ ನಡುವಿನ ಆಟಿ ತಿಂಗಳ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಡಯಾಲಿಸಿಸ್ಸಿನ ದಿನವಾದರೂ ಬರಲಿಲ್ಲ. ಕಮಲಕ್ಕ ಎಂದೂ ಇಲ್ಲದ ಧೈರ್ಯದಿಂದ, "ಪೆಟ್ರೋಲ್ ಉಂಟಲ್ಲ!" ಎಂದು ಹೊರಟರು. ಸುಳ್ಯ ದಾಟಿದ ಮೇಲೆ ಉಳಿದಿದ್ದ ಚೂರು ಚಾರ್ಜೂ ಮುಗಿಯಿತು. ಎಂಜಿನ್ ಕೆಮ್ಮಿತು, ನಡುಗಿತು, ಜಾಲ್ಸೂರಿನ ಹತ್ತಿರ ನಿಂತೇಬಿಟ್ಟಿತು. ಎಷ್ಟು ಒತ್ತಿದರೂ ಮತ್ತೆ ಏಳಲಿಲ್ಲ. ಪಕ್ಕದಲ್ಲಿ ಅಚ್ಚುತಣ್ಣನಿಗೆ ಏದುಸಿರು ಶುರುವಾಗಿತ್ತು.

ಕಮಲಕ್ಕನ ಫೋನು ಸಿಕ್ಕಿದ್ದೇ ಅಲಿ ಕುಂಞಿ ಜೀಪು ತಂದು ಇಬ್ಬರನ್ನೂ ಪುತ್ತೂರಿಗೆ ಮುಟ್ಟಿಸಿದರು. ಅಷ್ಟರಲ್ಲಿ ಅಚ್ಚುತಣ್ಣನ ಮೆಷಿನಿಗೆ ಬೇರೆಯವರನ್ನು ಹಾಕಿಯಾಗಿತ್ತು. ಅದು ಬಿಡುವಾಗುವವರೆಗೆ ಮೂಗಿಗೆ ಆಕ್ಸಿಜನ್ ಕೊಟ್ಟು ಕೂರಿಸಿದರು. ಕಮಲಕ್ಕ ಗಂಡನ ಬಾತ ಪಾದ ಹಿಡಿದುಕೊಂಡು, "ನಾನೇ ಕೊಂದೆ, ನಾನೇ ಕೊಂದೆ" ಎನ್ನುತ್ತಿದ್ದರು. ಸಮಾಧಾನ ಮಾಡಲು ಬಂದ ನರ್ಸಿಗೂ ಅಳು ಬಂತಂತೆ. ಕೊನೆಗೆ ಮೆಷಿನು ಸಿಕ್ಕಿ ಅಚ್ಚುತಣ್ಣನ ಜೀವ ಉಳಿಯಿತು.

ಮರುದಿನ ಕಮಲಕ್ಕ ಗ್ಯಾರೇಜಿನಿಂದ ಕಾರು ತರಲು ಹೋದಾಗ ಅಲಿ ಕುಂಞಿ ಸ್ವಲ್ಪ ಜೋರಾಗಿಯೇ ಹೇಳಿದರು.

"ಪೆಟ್ರೋಲ್ ಅಂದ್ರೆ ಹಪ್ಪಳ ಅಲ್ಲ ಕಮಲಕ್ಕ. ಇಟ್ರೆ ತೇವ ಎಳ್ಕೊಂಡು ಹಾಳಾಗ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳ್ದಿದ್ದೇನೆ. ಇನ್ನು ಹೊಸತು ಸ್ವಲ್ಪವೇ ಹಾಕಿ, ಆಗಾಗ ಎಂಜಿನ್ ಓಡಿಸಿ ಮುಗಿಸ್ಬೇಕು."

"ಎಲ್ಲಿಗೆ ಓಡಿಸುದು? ಆಸ್ಪತ್ರೆಗೆ ಚಾರ್ಜ್ ಸಾಕಲ್ಲ?"

"ಆಸ್ಪತ್ರೆ ಬಿಟ್ರೆ ಬೇರೆ ಊರೇ ಇಲ್ವಾ ಮಾರಾಯ್ರೆ ನಿಮಗೆ?"

ಕಮಲಕ್ಕನಿಗೆ ಬೇರೆ ಊರು ಎಲ್ಲಿತ್ತು? ಡಯಾಲಿಸಿಸ್ ಶುರುವಾದ ಮೇಲೆ ಗಂಡನನ್ನು ಅವರು ಒಂದು ಮದುವೆಗೂ ಕರೆದುಕೊಂಡು ಹೋಗಿರಲಿಲ್ಲ. ದಾರಿಯಲ್ಲಿ ಏನಾದರೂ ಆದರೆ ಎಂಬ ಹೆದರಿಕೆ.

ಆ ಭಾನುವಾರ ಅಚ್ಚುತಣ್ಣನನ್ನು ಕಾರು ಹತ್ತಿಸಿದರು.

"ಇವತ್ತು ಆಸ್ಪತ್ರೆ ಇಲ್ಲವಲ್ಲ. ಎಲ್ಲಿಗೆ?" ಅವರು ಕೇಳಿದರು.

"ಪೆಟ್ರೋಲ್ ಮುಗಿಸ್ಲಿಕ್ಕೆ. ಇಚಿಲಂಪಾಡಿಗೆ, ನಿಮ್ಮ ಅಕ್ಕನ ಮನೆಗೆ."

ದಾರಿಯುದ್ದಕ್ಕೂ ಕಮಲಕ್ಕನ ಒಂದು ಕಿವಿ ಎಂಜಿನ್ನಿನ ಮೇಲೆ, ಇನ್ನೊಂದು ಗಂಡನ ಉಸಿರಿನ ಮೇಲೆ. ಕಡಬ ದಾಟಿದ ಮೇಲೆ ಅಚ್ಚುತಣ್ಣ ಕಿಟಕಿಯ ಗಾಜು ಇಳಿಸಿದರು.

"ಅಕ್ಕನನ್ನು ಇನ್ನು ನೋಡ್ಲಿಕ್ಕಿಲ್ಲ ಅಂತಲೇ ಗ್ರಹಿಸಿದ್ದೆ," ಎಂದರು. "ನಿನ್ನತ್ರ ಕೇಳಿದ್ರೆ ನೀನು ಹೆದರ್ತಿ ಅಂತ ಕೇಳ್ಲಿಲ್ಲ."