ಮದೀನತ್ ಖಲೀಫಾದ ಓಟಿಲ್ಲದ ಮೆಂಬರು

ಮೈಕ್ ಇಲ್ಲದ ಚುನಾವಣೆಯನ್ನು ನಾನು ಮೊದಲು ನೋಡಿದ್ದು ದೋಹಾದಲ್ಲಿ. ಮಗಳು ರಿಯಾಳನ್ನು ಕರೆದುಕೊಂಡು ಇಲ್ಲಿಗೆ ಬಂದ ಹೊಸತು. ಮದೀನತ್ ಖಲೀಫಾ ಬಡಾವಣೆಯ ನಮ್ಮ ಓಣಿಯ ತಿರುವಿನಲ್ಲಿ ಒಂದು ಬೆಳಿಗ್ಗೆ ದೊಡ್ಡ ಬೋರ್ಡು ಎದ್ದಿತ್ತು. ಅದರಲ್ಲಿ ಬಿಳಿ ನಿಲುವಂಗಿಯ ಒಬ್ಬ ಮನುಷ್ಯ ನಗುತ್ತಿದ್ದ. ಅತ್ತರಿನ ಜಾಹೀರಾತು ಅಂದುಕೊಂಡೆ. "ಅತ್ತರೂ ಅಲ್ಲ, ಎಂತದೂ ಅಲ್ಲ ಮಾರಾಯ್ತಿ. ಇಲೆಕ್ಷನ್ನು!" ಎಂದರು ಗಂಡ ಸ್ಟ್ಯಾನಿ. ನನಗೆ ನಂಬಿಕೆಯೇ ಬರಲಿಲ್ಲ. ಆಟೊ ಇಲ್ಲ, ಘೋಷಣೆ ಇಲ್ಲ, ಕೈಮುಗಿದು ಅಂಗಳಕ್ಕೆ ನುಗ್ಗುವ ಜನವಿಲ್ಲ. ಬೋರ್ಡಿನ ಕೆಳಗೆ ಒಂದು ಬೆಕ್ಕು ಆರಾಮಾಗಿ ಮಲಗಿತ್ತು.

ನನ್ನ ಬೆರಗಿಗೆ ಕಾರಣವಿದೆ. ಉಡುಪಿ ಕಡೆಯ ನಮ್ಮೂರಿನಲ್ಲಿ ನಾನು ಒಂದು ಅವಧಿ ಗ್ರಾಮ ಪಂಚಾಯತ್ ಸದಸ್ಯೆಯಾಗಿದ್ದವಳು. ಮಹಿಳಾ ಮೀಸಲಾತಿ ಬಂತೆಂದು ಊರಿನ ಶೀನಣ್ಣ ನಿಲ್ಲಿಸಿದರು, ಗೆದ್ದ ಮೇಲೆ ನನಗೇ ರುಚಿ ಹತ್ತಿತು. ನಳ್ಳಿಯಲ್ಲಿ ನೀರು ಬಾರದಿದ್ದರೆ ಜನ ಪಂಪ್ ಆಪರೇಟರನಿಗಿಂತ ಮೊದಲು ಗ್ರೇಸಿಬಾಯಿಗೆ, ಅಂದರೆ ನನಗೆ, ಫೋನು ಮಾಡುತ್ತಿದ್ದರು. ಇಲ್ಲಿ ಯಾರೂ ಫೋನು ಮಾಡುವವರಿಲ್ಲ. ಬಲದಿಯಾ ಎಂದರೆ ಇಲ್ಲಿಯ ಪುರಸಭೆ. ಅದಕ್ಕೆ ಊರಿನ ಬೇಕು ಬೇಡಗಳನ್ನು ತಿಳಿಸುವ ಮಂಡಳಿಗೆ ಚುನಾವಣೆ ನಡೆಯುತ್ತದೆ, ಆದರೆ ಓಟು ಕತಾರಿ ನಾಗರಿಕರಿಗೆ ಮಾತ್ರ. ನಾವು ಬಾಡಿಗೆಯವರು.

ಓಟಿಲ್ಲದಿದ್ದರೆ ಹೋಗಲಿ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಒಂದು ಮಧ್ಯಾಹ್ನ ರಿಯಾ ಶಾಲೆಯ ಬಸ್ಸಿನಿಂದ ಇಳಿದು ಓಣಿ ದಾಟುತ್ತಿದ್ದಾಗ ತಿರುವಿನಿಂದ ಒಂದು ಲ್ಯಾಂಡ್ ಕ್ರೂಸರ್ ಬಾಣದ ಹಾಗೆ ಬಂತು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಅವಳ ಕೈಯಲ್ಲಿದ್ದ ನೀರಿನ ಬಾಟಲಿ ಚಕ್ರದಡಿ ಅಪ್ಪಚ್ಚಿಯಾಯಿತು. ಅದನ್ನು ಹೆಕ್ಕಿ ಕೈಯಲ್ಲಿ ಹಿಡಿದುಕೊಂಡೆ. ಇಲ್ಲೊಂದು ಹಂಪು ಆಗಲೇಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಸ್ಟ್ಯಾನಿ ಬಲದಿಯಾದ ಸಹಾಯವಾಣಿಗೆ ತಿಳಿಸಿದರು. ಅಲ್ಲಿಯವರು ಬಹಳ ಮರ್ಯಾದೆಯಿಂದ ಬರೆದುಕೊಂಡರಂತೆ. ನನಗೆ ತಾಳ್ಮೆ ಎಲ್ಲಿ? ಊರಿನಲ್ಲಾದರೆ ಹತ್ತು ಜನ ಸೇರಿಸಿ ಎಂಜಿನಿಯರರ ಆಫೀಸಿಗೆ ಹೋಗುವುದು, ಕೆಲಸ ಆಗುವ ತನಕ ಬಾಗಿಲು ಬಿಡದಿರುವುದು. ಅದೇ ಅಭ್ಯಾಸ. ನಮ್ಮ ವಿಲ್ಲಾವನ್ನು ಹಂಚಿಕೊಂಡಿದ್ದ ಮನೆಗಳ ಹೆಂಗಸರನ್ನೆಲ್ಲ ಹೊರಡಿಸಿದೆ. ಪಕ್ಕದ ಮನೆಯ ಶಶಿಕಲಕ್ಕ ಕಾರ್ಕಳದವರು, ದೋಹಾದಲ್ಲಿ ಹಳಬರು. "ಗುಂಪು ಗಿಂಪು ಕಟ್ಟಬೇಡಿ ಗ್ರೇಸಿ, ವೀಸಾ ಖಲಾಸ್ ಆದೀತು!" ಎಂದು ಬೈಯುತ್ತಲೇ ಚಪ್ಪಲಿ ಮೆಟ್ಟಿಕೊಂಡು ಬಂದರು.

ಹೀಗೆ ನಾವೆಲ್ಲ ಹೋಗಿ ನಿಂತದ್ದು ಎದುರಿನ ವಿಲ್ಲಾದ ಗೇಟಿನಲ್ಲಿ. ಅಲ್ಲಿ ನಮ್ಮ ಮನೆಯೊಡತಿ ಉಮ್ ನಾಸರ್, ಅಂದರೆ ನಾಸರನ ತಾಯಿ, ಇರುತ್ತಾರೆ. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ, ಮನೆಗೆಲಸದವರಿಂದ ಕಲಿತ ಹಿಂದಿಯಲ್ಲಿ ಗಡಗಡನೆ ಮಾತಾಡುತ್ತಾರೆ. ಗೇಟು ತೆರೆದವರು ಗಾಬರಿಯಾದರು.

"ಕ್ಯಾ ಹುವಾ? ಎಸಿ ಖರಾಬ್?"

"ಎಸಿ ಅಲ್ಲ ಮಾಮಾ, ರಸ್ತೆ," ಎಂದು ನಾನು ಅಲ್ಲೇ ಭಾಷಣ ಸುರು ಮಾಡಿದೆ. ಇಲ್ಲಿ ಮನೆಯೊಡತಿಯನ್ನು ಮಾಮಾ ಎಂದೇ ಕರೆಯುವುದು. ಅವರು ಅಂಗೈ ಎತ್ತಿ ತಡೆದರು. "ಶ್ವಯ್ಯ, ಶ್ವಯ್ಯ. ಪೆಹಲೇ ಗಹ್ವಾ."

ನಿಧಾನ, ಮೊದಲು ಕಾಫಿ ಎಂದರ್ಥ. ಹೆಂಗಸರ ಮಜ್ಲಿಸ್ ಎಂಬ ದೊಡ್ಡ ಚಾವಡಿಯಲ್ಲಿ ನಮ್ಮನ್ನು ಕೂರಿಸಿ ಖರ್ಜೂರ ಕೊಟ್ಟರು. ಏಲಕ್ಕಿ ಹಾಕಿದ ತೆಳು ಕಾಫಿ ಬಂತು, ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ತಾಯಿ ಹೇಗಿದ್ದಾರೆ, ಮಗಳು ಏನು ಓದುತ್ತಾಳೆ ಎಂದೆಲ್ಲ ಕೇಳಿ ಮುಗಿಸಿದ ಮೇಲೇ ಅವರು ರಸ್ತೆಯ ಮಾತು ಎತ್ತಿದ್ದು. ನಾನು ಬಾಟಲಿಯ ಕಥೆ ಹೇಳಿದೆ. ಉಮ್ ನಾಸರ್ ಮುಖ ಬಾಡಿತು. ಅವರ ಮೊಮ್ಮಕ್ಕಳೂ ಅದೇ ಓಣಿಯಲ್ಲಿ ಸೈಕಲ್ ಬಿಡುತ್ತಾರೆ. "ನಾನು ಯಾವ ಮೆಂಬರ ಹತ್ರವೂ ಏನೂ ಕೇಳಿದವಳಲ್ಲ. ಮಗ ಹೇಳಿದವರಿಗೆ ಓಟು ಹಾಕಿ ಬರ್ತೇನೆ," ಎಂದರು.

ಓಟಿನಿಂದ ಕೆಲಸ ಮಾಡಿಸುವುದು ನನಗೆ ಗೊತ್ತಿದ್ದ ವಿದ್ಯೆ. ಓಟು ಕೇಳಲು ಬಂದವರ ಹತ್ತಿರ ಹೂಂ ಎಂದು ಒಪ್ಪಿಬಿಡಬಾರದು, ಇಲ್ಲ ಎಂದೂ ಅನ್ನಬಾರದು. ತಿಂಡಿ ಕೊಟ್ಟು, ಸಮಸ್ಯೆ ಇರುವ ಜಾಗಕ್ಕೆ ಅವರನ್ನೇ ನಡೆಸಿಕೊಂಡು ಹೋಗಿ ತೋರಿಸಿ, ಆಮೇಲೆ "ನೋಡುವ" ಎಂದು ಹೇಳಿ ಕಳಿಸಬೇಕು. ಹಾಗೆಂದು ಹೇಳಿಕೊಟ್ಟೆ. ಉಮ್ ನಾಸರ್ ತೊಡೆ ತಟ್ಟಿಕೊಂಡು ನಕ್ಕರು.

ಬೋರ್ಡಿನಲ್ಲಿ ನಗುತ್ತಿದ್ದ ಅಭ್ಯರ್ಥಿಯ ಅಕ್ಕ ಹೆಂಗಸರ ಓಟು ಕೇಳಲು ಬಂದ ದಿನ ನಾನು ನಮ್ಮ ಕಿಟಕಿಯಲ್ಲೇ ಇದ್ದೆ. ಉಮ್ ನಾಸರ್ ಆಕೆಯ ಕೈ ಹಿಡಿದು, ಆ ಉರಿಬಿಸಿಲಿನಲ್ಲಿ, ತಿರುವಿನ ತನಕ ನಡೆಸಿಕೊಂಡು ಹೋದರು. ಅಷ್ಟರಲ್ಲಿ ಒಂದು ಕಾರು ಭರ್ರನೆ ಹೋಯಿತು. ಆಕೆ ಕಪ್ಪು ನಿಲುವಂಗಿ ಅಬಾಯಾ ಎತ್ತಿಕೊಂಡು ಗೋಡೆಗೆ ಅಂಟಿಕೊಂಡರು. ನಾನು ಒಳಗೆ ಕುಣಿದಾಡಿಬಿಟ್ಟೆ, ದೇವರು ಕ್ಷಮಿಸಲಿ.

ಆತ ಗೆದ್ದ. ಗೆದ್ದ ಮೇಲೆ ಉಮ್ ನಾಸರ್ ಅವನ ಅಕ್ಕನಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ಚಳಿಗಾಲ ಸುರುವಾಗುವ ಹೊತ್ತಿಗೆ ಕೆಲಸದವರು ಬಂದು ಹಂಪು ಹಾಕಿ ಹಳದಿ ಬಣ್ಣ ಬಳಿದರು. ಮೊದಲ ಲ್ಯಾಂಡ್ ಕ್ರೂಸರ್ ಅಲ್ಲಿ ನಿಧಾನವಾಗಿ ಏರಿಳಿದು ಹೋದಾಗ ಶಶಿಕಲಕ್ಕ ನನ್ನ ಬೆನ್ನಿಗೆ ಗುದ್ದಿ, "ಏನೇ ಹೇಳಿ, ನೀವು ಮೆಂಬರೇ!" ಎಂದರು. ಅಂದಿನಿಂದ ಉಮ್ ನಾಸರ್ ಕಂಡಾಗಲೆಲ್ಲ "ಯಲ್ಲಾ ಉಮ್ ರಿಯಾ, ನಡಿ, ಇನ್ನೇನು ಕೇಳೋಣ?" ಎನ್ನುತ್ತಾರೆ. ಇಬ್ಬರೂ ಸಂಜೆ ಓಣಿ ಸುತ್ತುತ್ತೇವೆ.

ಮೊನ್ನೆ ಊರಿನಿಂದ ಶೀನಣ್ಣ ಫೋನು ಮಾಡಿದರು. ನನ್ನನ್ನು ಅಂದು ಚುನಾವಣೆಗೆ ನಿಲ್ಲಿಸಿದವರು ಅವರೇ. "ಗ್ರೇಸಿಬಾಯಿ, ನಮ್ಮ ವಾರ್ಡು ಪುನಃ ಲೇಡೀಸಿಗೆ ಬಂದಿದೆ. ನೀವು ಬಂದು ನಿಂತ್ರೆ ಗೆದ್ದ ಹಾಗೆಯೇ," ಎಂದರು. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. "ವಾರ್ಡಿಗೆ ಎಂತೆಲ್ಲ ಆಗ್ಬೇಕು ಹೇಳಿ, ಈಗಲೇ ಜನರ ಹತ್ರ ಮಾತಾಡ್ಲಿಕ್ಕೆ ಸುರು ಮಾಡ್ತೇನೆ," ಎಂದು ಶೀನಣ್ಣ ಮುಂದುವರಿಸಿದರು.

"ಬಸ್ಸು ನಿಲ್ಲುವಲ್ಲಿ ಮಕ್ಕಳಿಗೆ ನೆರಳು ಆಗ್ಬೇಕು ಶೀನಣ್ಣ," ಎಂದೆ. "ಮತ್ತೆ ಮಸೀದಿ ಹಿಂದಿನ ತಿರುವಿನಲ್ಲಿ ಲೈಟು ಉರಿಯುವುದಿಲ್ಲ."

"ನಮ್ಮ ವಾರ್ಡಲ್ಲಿ ಯಾವ ಮಸೀದಿ ಗ್ರೇಸಿಬಾಯಿ?" ಎಂದು ಕೇಳಿದರು.

ನನಗೆ ನಗು ಬಂತು, ನಾನು ಹೇಳಿದ್ದೆಲ್ಲ ದೋಹಾದ ಓಣಿಯದ್ದು. ಊರಿನ ವಾರ್ಡಿಗೆ ಏನಾಗಬೇಕೆಂದು ಯೋಚಿಸಿದೆ, ಒಂದೂ ಹೊಳೆಯಲಿಲ್ಲ.

"ಈ ಸಲ ಬೇರೆ ಯಾರನ್ನಾದ್ರೂ ನಿಲ್ಲಿಸಿ ಶೀನಣ್ಣ," ಎಂದೆ. "ಆದ್ರೆ ನನ್ನ ಹೆಸರು ಓಟರ್ ಲಿಸ್ಟಲ್ಲಿ ಇರ್ಲಿ. ಅದನ್ನು ಮಾತ್ರ ತೆಗೀಲಿಕ್ಕೆ ಬಿಡಬೇಡಿ."